ಗಿಟಾರ್ ಅಲ್ಲ, ಮಂಡೋರ್!

ದೇವರೇ ಇಲ್ಲ ಎನ್ನಿ, ನಮ್ಮ ಸೋದರಮಾವ ನಕ್ಕು ಸುಮ್ಮನಾಗುತ್ತಾರೆ. ಅವರ ಕೈಯಲ್ಲಿರುವ ವಾದ್ಯವನ್ನು ಗಿಟಾರ್ ಎನ್ನಿ, ಅವತ್ತು ನಿಮಗೆ ಕಾಫಿ ಇಲ್ಲ!

ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದುಕೊಂಡು, ಹಗಲೆಲ್ಲ ಫೈಲುಗಳಲ್ಲಿ ಮುಳುಗಿರುವ ಈ ಮನುಷ್ಯನಿಗೆ ಯುರೋಪಿನ ಹಳೇ ಪುಟಾಣಿ ತಂತಿವಾದ್ಯಗಳ ಹುಚ್ಚು ಎಲ್ಲಿಂದ ಅಂಟಿತೋ! ಹಾಲ್‌ನ ಗೋಡೆಯ ಮೇಲೆ ಮೂರು ನೇತಾಡುತ್ತಿದ್ದವು. ನನ್ನ ಕಣ್ಣಿಗೆ ಮೂರೂ ದೊಡ್ಡ ಸೌಟುಗಳೇ.

"ಅಯ್ಯೋ ದಡ್ಡ! ಇದು ಮ್ಯಾಂಡೊಲಿನ್, ಒಂದೊಂದು ತಂತಿಯೂ ಹಿಂದಿನದಕ್ಕೆ ಪಂಚಮ. ಇದು ಅದಕ್ಕಿಂತ ಹಳೇದು, ಮಂಡೋರ್. ಸ, ಪ, ಮತ್ತೆ ಸ, ಮತ್ತೆ ಪ. ಆ ಮೂಲೇದು ನಾಲ್ಕೇ ಜೋಡಿ ತಂತಿಯ ಹಳೇ ಗಿಟಾರ್."

"ಹಾಗಾದ್ರೆ ಅದನ್ನಾದ್ರೂ ಗಿಟಾರ್ ಅನ್ನಬಹುದಲ್ಲ ಮಾವ?"

"ಬರೀ ಗಿಟಾರ್ ಅನ್ನಬಾರದು!"

ಅಡುಗೆಮನೆಯಿಂದ ಅತ್ತೆಯ ದನಿ: "ತೊಗರಿಬೇಳೆ ತನ್ನಿ ಅಂದ್ರೆ ಕಡಲೆಬೇಳೆ ತರ್ತಾರೆ ಕಣೋ ನಿಮ್ಮಾವ!"

ಒಮ್ಮೆ ಪೀತಮ್‌ಪುರದ ಗೆಳೆಯರ ಮನೆಗೆಂದು ಮಂಡೋರ್ ಹೊತ್ತು ನನ್ನ ಜೊತೆ ಮೆಟ್ರೊ ಹತ್ತಲು ಬಂದರು. ತಪಾಸಣೆಯ ಜವಾನ ಕೇಳಿದ, "ಅಂಕಲ್, ಗಿಟಾರ್ ಹೈ?"

"ಜೀ ನಹೀಂ."

"ತೋ ಕ್ಯಾ ಹೈ?"

ಕೇಳಬಾರದಿತ್ತು! ಮಾವ ಅಲ್ಲೇ ಚೀಲ ಬಿಚ್ಚಿ, ತಮ್ಮ ಕನ್ನಡದ ಹಿಂದಿಯಲ್ಲಿ ಪಂಚಮವನ್ನು ವಿವರಿಸತೊಡಗಿದರು. ಹಿಂದಿನ ಸಾಲು ಮೆಟ್ಟಿಲು ಮುಟ್ಟಿತು. ಜವಾನ ಕೈಮುಗಿದ. "ಅಂಕಲ್‌ಜೀ, ಗಿಟಾರ್ ಬೋಲ್ ದೀಜಿಯೇ, ಔರ್ ಜಾಯಿಯೇ!" ಗಿಟಾರ್ ಎಂದು ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದರೇ? ಪೀತಮ್‌ಪುರಕ್ಕೆ ಬಸ್ಸಿನಲ್ಲಿ ಹೋದೆವು, ನಿಂತುಕೊಂಡು!

ದೆಹಲಿಯ ಹವೆಗೆ ತಂತಿ ಕೂದಲೆಳೆಯಷ್ಟು ಇಳಿದರೂ ಸಾಕು, ಊಟದ ತಟ್ಟೆ ಬಿಟ್ಟು ಏಳುತ್ತಿದ್ದರು.

"ರೀ, ಸಾರು ಆರ್ತಿದೆ."

"ಶ್ರುತಿ ಇಳಿದಿದೆ ಕಣೇ!"

ಆ ಚಳಿಗಾಲ ಅತ್ತೆಗೆ ಥೈರಾಯ್ಡ್ ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ಆದರೆ ಶುಕ್ರವಾರದ ಪೂಜೆಗೆ ಹಾಡುತ್ತಿದ್ದ ಅವರ ದನಿ ತಗ್ಗಿ ಒರಟಾಯಿತು. ಹಾಡುವುದನ್ನೇ ಬಿಟ್ಟರು. ಹಾಡಿ ಎಂದರೆ ನಕ್ಕು ಒಳಗೆ ಹೋಗಿಬಿಡುತ್ತಿದ್ದರು.

ಒಂದು ಶುಕ್ರವಾರ ಸಂಜೆ ನಾನು ಹೋದಾಗ ಅತ್ತೆ ದೇವರ ಮುಂದೆ ಕೂತಿದ್ದರು. ಪಕ್ಕದಲ್ಲಿ ಮಾವ ಮಂಡೋರಿನ ಬಿರಡೆಗಳನ್ನು ಒಂದೊಂದಾಗಿ ಸಡಿಲಿಸುತ್ತಿದ್ದರು.

"ಮಾವ, ತೀರಾ ಇಳೀತಲ್ಲ! ತಂತಿ ಗರಗರ ಅಂತಿದೆ."

"ನೀನು ಸುಮ್ನಿರೋ," ಎಂದವರು ಅತ್ತೆಯತ್ತ ತಿರುಗಿದರು. "ಈಗ ನೋಡೇ, ಇದು ನಿನಗೆ ಎಟುಕುತ್ತಾ?"

ಅತ್ತೆ ಸಂಕೋಚದಿಂದಲೇ ಒಂದು ಸಾಲು ಹಾಡಿದರು. ಎರಡನೆಯದಕ್ಕೆ ದನಿ ಒಡೆಯಿತು. ಮಾವ ಬಿರಡೆಗಳನ್ನು ಇನ್ನಷ್ಟು ಸಡಿಲಿಸಿ, ತಂತಿ ಮೀಟಿ, ಕಾಯುತ್ತ ಕೂತರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಮೊದಲಿನಿಂದ ಹಾಡಿದರು.