ಬೋರಿ ಹೊಳೆಯ ಮೇಲೆ ಕಾಕಾನ ಖಟ್ಲೆ

ನನ್ನ ಓರಗೆಯ ಗೆಳತಿಯರಿಗೆ ಕಾಲೇಜಿನ ದಿನಗಳೆಂದರೆ ಸೈಕಲ್ ಗಂಟೆಯೋ ಗಿರಣಿಯ ಭೋಂಗಾವೋ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಸೋಲಾಪುರದ ಕೋರ್ಟಿನ ಜವಾನನ ಕೂಗು. ಜಗಲಿಯ ತುದಿಗೆ ನಿಂತು, ಕುತ್ತಿಗೆಯ ನರ ಉಬ್ಬಿಸಿ, ನಮ್ಮ ಕಾಕಾನ ಹೆಸರನ್ನು ಎಳೆದೆಳೆದು ಕರೆದು, ಕೊನೆಗೆ "ಹಾಜಿರ್ ಹೋ..." ಎಂದು ಬಿಡುತ್ತಿದ್ದ. ಬೇರೆಯವರು ಆ ಕೂಗಿಗೆ ಬೆವರುತ್ತಿದ್ದರು. ಕಾಕಾ ಮಾತ್ರ ಅಕ್ಷತೆಗೆ ಕರೆದಂತೆ ರುಮಾಲು ಸರಿಮಾಡಿಕೊಂಡು ಏಳುತ್ತಿದ್ದರು.

ಜನ ಸೋಲಾಪುರಕ್ಕೆ ಚಾದರ ತರಲು ಹೋಗುತ್ತಾರೆ. ನಮ್ಮ ಅಪ್ಪನ ತಮ್ಮನಾದ ಈ ಮಹಾಶಯರು ತಾರೀಖು ತರಲು ಹೋಗುತ್ತಿದ್ದರು. ಇಡೀ ಅಕ್ಕಲಕೋಟ ತಾಲೂಕಿನಲ್ಲಿ ಖಟ್ಲೆಯಿಲ್ಲದಿದ್ದರೆ ಜ್ವರ ಬರುತ್ತಿದ್ದ ಮನುಷ್ಯ ಅವರೊಬ್ಬರೇ ಎಂದರೆ ನಂಬುತ್ತೀರಾ? ಬದುವಿನ ಖಟ್ಲೆ, ಬೇವಿನ ಮರದ ನೆರಳಿನ ಖಟ್ಲೆ, ಪಕ್ಕದವರ ಎಮ್ಮೆ ನಮ್ಮ ಗೋಡೆಗೆ ಮೈ ತಿಕ್ಕಿದ ಖಟ್ಲೆ! ಅವರ ತಾಯಿ, ಅಂದರೆ ನಮ್ಮ ಅಜ್ಜಿ, ಒಮ್ಮೆ ಕೇಳಿಯೇ ಬಿಟ್ಟಳು:

"ಲಗ್ನಾ ಒಂದ ಬಿಟ್ಟು ಎಲ್ಲಾ ತಂಟೆ ಮಾಡಿಕೊಂಡಿ ನೋಡು, ತಮ್ಮಾ. ಅದನ್ನ ಯಾಕ ಬಿಟ್ಟಿ?"

"ಅದರಾಗ ಅಪೀಲು ಇಲ್ಲಲಾ, ಯವ್ವಾ."

ಆದರೆ ಈ ಹುಚ್ಚಿನ ದಯೆಯಿಂದಲೇ ನಾನು ಕಾಲೇಜಿನ ಮೆಟ್ಟಿಲು ಹತ್ತಿದ್ದು. ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದು ಮ್ಯಾಟ್ರಿಕ್ ಮುಗಿಸಿದ್ದೆ. ಬೆನ್ನು ನೆಟ್ಟಗೆ, ಮಂಡಿ ಜೋಡಿಸಿ, ಲೇಡಿಲೈಕ್ ಆಗಿ ಕೂರುವುದನ್ನು ಸಿಸ್ಟರುಗಳು ಕಲಿಸಿದ್ದರು. ಹೆಣ್ಣಿಗೆ ಇನ್ನೇನು ಬೇಕು ಎಂಬುದು ಅಪ್ಪನ ವಾದ. ಮೈಂದರ್ಗಿಯಲ್ಲಿ ಒಬ್ಬ ವರನೂ ತಯಾರಿದ್ದ. ನಾನು ಊಟ ಬಿಟ್ಟು ಅತ್ತೆ. ಆ ಹೊತ್ತಿಗೆ ಕಾಕಾ ತಮ್ಮ ಹೊಸ ಖಟ್ಲೆಗಾಗಿ ಸೋಲಾಪುರದಲ್ಲೇ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದರು, ಅಡಿಗೆಗೆಂದು ಅಜ್ಜಿಯೂ ಅಲ್ಲೇ ಇದ್ದಳು. ಅಪ್ಪ ಅರ್ಧ ಕರಗಿದರು, ಪೂರ್ತಿ ಕರಾರು ಹಾಕಿದರು:

"ಖಟ್ಲೆ ಇರೂತನಕ ಖೋಲಿ, ಖೋಲಿ ಇರೂತನಕ ಕಾಲೇಜು. ಖಟ್ಲೆ ಮುಗಿದ ದಿವಸ ಗಂಟು ಕಟಗೊಂಡು ಮನಿಗೆ ಬರಬೇಕು, ಬೇಬಿ. ಮುಂದ ಮೈಂದರ್ಗಿ."

ಹೀಗೆ ನನ್ನ ಹೈಯರ್ ಎಜುಕೇಶನ್ನಿನ ಆಯುಷ್ಯ ಜಡ್ಜ್ ಸಾಹೇಬರ ಕೈಗೆ ಹೋಯಿತು. ಬೇರೆ ಹುಡುಗಿಯರು ಪಾಸಾಗಲಿ ಎಂದು ಹರಕೆ ಹೊರುತ್ತಿದ್ದರು. ನಾನು ನಮ್ಮ ಖಟ್ಲೆ ಮುಂದಕ್ಕೆ ಹೋಗಲಿ ಎಂದು ಹೊರುತ್ತಿದ್ದೆ.

ಆ ಖಟ್ಲೆಯಾದರೂ ಏನು ಅಂತೀರಿ? ಕುರನೂರಿನ ಹತ್ತಿರ ಬೋರಿ ಹೊಳೆಯ ಈಚೆ ದಂಡೆಗೆ ನಮ್ಮ ಹೊಲ, ಆಚೆ ದಂಡೆಗೆ ಒಬ್ಬ ಗೌಡರ ಹೊಲ. ಒಂದು ಮಳೆಗಾಲ ಹೊಳೆ ಉಕ್ಕಿ ಬಂದು ನಮ್ಮ ದಂಡೆಯನ್ನು ಕಡಿದುಕೊಂಡು ಹೋಯಿತು, ಗೌಡರ ದಂಡೆಗೆ ಹೊಸ ಮಣ್ಣು ಸುರಿಯಿತು. ಗೌಡರು ಆ ಮಣ್ಣಿಗೆ ಬದನೆ ಹಾಕಿದರು. ಕಾಕಾ ದಾವೆ ಹಾಕಿದರು. ಮಣ್ಣು ತಮ್ಮದು, ಆದ್ದರಿಂದ ಬದನೆಕಾಯಿಯೂ ತಮ್ಮದು!

ನಾನು ಆರಿಸಿಕೊಂಡ ವಿಷಯ ಜಿಯಾಗ್ರಫಿ. ಒಂದು ಸಂಜೆ ಫಿಜಿಕಲ್ ಜಿಯಾಗ್ರಫಿಯ ಪಾಠವನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದೆ. ನದಿ ಬಳುಕುವಲ್ಲಿ ಹೊರದಂಡೆಯನ್ನು ಕೊರೆಯುತ್ತದೆ, ಒಳದಂಡೆಗೆ ಹೂಳು ಬಿಡುತ್ತದೆ. ಆ ಬಳುಕಿಗೆ ಮಿಯಾಂಡರ್ ಎನ್ನುತ್ತಾರೆ. ಕಾಕಾನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದೇ ತಡ, ಅಡಕತ್ತರಿ ಕೆಳಗಿಟ್ಟು ಹತ್ತಿರ ಸರಿದರು.

"ಇದನ್ನ ಪುಸ್ತಕದಾಗ ಛಾಪಿಸ್ಯಾರ?"

"ಹೌದು ಕಾಕಾ. ವಿಲಾಯತಿಯೊಳಗ ಛಾಪಿಸ್ಯಾರ."

"ಅಂದ್ರ ಗೌಡನ ಕಾರಭಾರ ಅಲ್ಲೀತನಕಾ ಗೊತ್ತಾಗೇದ."

"ಆದ್ರ ಆಚಿ ದಂಡಿಗಿ ಬಿದ್ದ ಮಣ್ಣು ನಮ್ಮದಲ್ಲ, ಕಾಕಾ. ಅದು ಹೊಳಿ ಮ್ಯಾಲಿನ ಊರಿನವ್ರದು. ನಮ್ಮ ಮಣ್ಣು ಕೆಳಗ ಹರಕೊಂಡು ಹೋಗಿರ್ತದ."

"ಕೆಳಗಂದ್ರ ಎಲ್ಲಿ?"

"ಭೀಮಾಕ್ಕ. ಅಲ್ಲಿಂದ ಕೃಷ್ಣಾಕ್ಕ. ಆಮ್ಯಾಲ ಬೇ ಆಫ್ ಬೆಂಗಾಲ್, ಸಮುದ್ರಕ್ಕ."

ಕಾಕಾ ಮೀಸೆ ತಿರುವಿದರು. "ಸಮುದ್ರದ ಮ್ಯಾಲ ದಾವಾ ಹಾಕಬೇಕಂದ್ರ ಯಾವ ಕೋರ್ಟಿನ್ಯಾಗ ಹಾಕೂದು?"

"ಯಾವುದರಾಗರೆ ಹಾಕು," ಎಂದಳು ಅಜ್ಜಿ ಒಲೆಯ ಮುಂದಿನಿಂದ. "ಸಮನ್ಸ್ ಒಯ್ಯಾಂವಗ ಈಸು ಬರಬೇಕು ನೋಡು ಮತ್ತ."

ಅಂದಿನಿಂದ ನನ್ನ ಸಿಲಬಸ್ಸು ಕಾಕಾನ ಪಾಲಿಗೆ ದಾವೆಗಳ ಗಣಿಯಾಯಿತು. ಮಳೆಯ ಮೋಡಗಳು ಸಹ್ಯಾದ್ರಿಯ ಆಚೆ ಮಗ್ಗುಲಿಗೇ ಬರಿದಾಗುತ್ತವೆ, ಈಚೆಗಿರುವ ನಮ್ಮದು ರೇನ್ ಶ್ಯಾಡೋ, ಮಳೆಯ ನೆರಳಿನ ಸೀಮೆ ಎಂದು ಓದಿ ಹೇಳಿದಾಗ ಅವರಿಗೆ ಅನ್ನ ಇಳಿಯಲಿಲ್ಲ. "ಹಾಲು ತಾವು ಕುಡದು ನಮಗ ಖಾಲಿ ಚರಗಿ ಕಳಸ್ಯಾರ" ಎನ್ನುತ್ತ ಮರುದಿನವೇ ವಕೀಲರಲ್ಲಿಗೆ ಓಡಿದರು. ವಕೀಲರು ಮರಾಠಿಯವರು, ಸಜ್ಜನರು. ಚಷ್ಮಾ ತೆಗೆದು ಒರೆಸಿ, "ಕಾಕಾ, ಡೋಂಗರಾಲಾ ನೋಟೀಸ್ ಕಶೀ ದ್ಯಾಯಚೀ?" ಎಂದರು, ಗುಡ್ಡಕ್ಕೆ ನೋಟೀಸು ಕೊಡುವುದು ಹೇಗೆ ಅಂತ.

"ಡೋಂಗರಕ್ಕ ಯಾಕ್ರಿ? ಅದರ ಮ್ಯಾಲ ಬಂಗಲಾ ಕಟಗೊಂಡು ತಂಪಾಗಿ ಕುಂತಾರಲ್ಲ, ಅವ್ರಿಗೆ ಕೊಡ್ರಿ."

ಭೂಮಿ ತಿರುಗುತ್ತದೆ ಎಂದಾಗ ಮಾತ್ರ, ಪುವರ್ ಮ್ಯಾನ್, ನಿಜವಾಗಿ ಹೆದರಿದರು.

"ಖರೇದಿ ಪತ್ರದಾಗ ಮೂಡಲಕ್ಕ ಬೇವಿನ ಗಿಡಾ ಅಂತ ಬರದದ. ಭೂಮಿ ತಿರಗಿತಂದ್ರ ಗಿಡಾ ಎಲ್ಲಿ ಹೋತು?"

"ಗಿಡಾನೂ ಜೋಡೀನ ತಿರಗ್ತದ, ಕಾಕಾ."

"ಗೌಡಾ?"

"ಗೌಡ್ರೂ ತಿರಗ್ತಾರ."

"ಹಂಗಾದ್ರ ಅಡ್ಡಿ ಇಲ್ಲ."

ನನ್ನ ಬಿ.ಎ. ಮುಗಿಯಲು ಇನ್ನೊಂದು ವರ್ಷವಿತ್ತು. ಆಗ ಒಂದು ಮುಂಜಾನೆ ಅಪ್ಪನ ಜೊತೆ ಸ್ವತಃ ಗೌಡರೇ ಖೋಲಿಗೆ ಬಂದರು.

"ವಯಸ್ಸಾತ್ರಿ ನಮಗೂ. ಮಂದಿ ನಗಾಕತ್ತಾರ. ಆ ಮಣ್ಣಿನಾಗ ಅರ್ಧಾ ನಿಮಗ, ಅರ್ಧಾ ನಮಗ. ರಾಜಿ ಮಾಡೂಣ್ರಿ."

ಅಪ್ಪನ ಮುಖ ಅರಳಿತು. ಒಳಗೆ ಚಹಾ ಸೋಸುತ್ತಿದ್ದ ನಾನು ಅರ್ಧ ಚಹಾ ಬಸಿಗೇ ಸೋಸಿದೆ. ರಾಜಿಯೆಂದರೆ ಖಟ್ಲೆ ಮುಗಿಯಿತು, ಖೋಲಿ ಮುಗಿಯಿತು, ಡಿಗ್ರಿ ಮುಗಿಯಿತು. ಹಾಗೇ ಚೆಲ್ಲಿದ ಚಹಾವನ್ನೇ ಒಯ್ದು ಅವರ ಮುಂದೆ ಇಟ್ಟೆ. ಕಾಕಾ ಬಸಿಗೆ ಸುರುವಿಕೊಂಡು ಕೊನೆಯ ಗುಟುಕಿನವರೆಗೂ ಸೊರ್ರೆಂದು ಕುಡಿದರು. ನಂತರ ಮೀಸೆ ಒರೆಸಿಕೊಂಡು, "ಅರ್ಧಾ ಒಲ್ಲೆ" ಎಂದರು. "ಪೂರಾ ಕೊಟ್ರೂ ಒಲ್ಲೆ. ನನಗ ಜಡ್ಜ್ ಸಾಹೇಬ್ರ ಬಾಯಿಂದ ಕೇಳಬೇಕಾಗೇದ."

"ತಲಿ ನೆಟ್ಟಗದನೋ ಇಲ್ಲೋ ನಿಂದು?" ಎಂದರು ಅಪ್ಪ.

"ಅಣ್ಣಾ, ಇದು ಮಣ್ಣಿನ ಮಾತಲ್ಲ."

"ಮತ್ತ ಯಾವುದರ ಮಾತು?"

ಕಾಕಾ ಇನ್ನೊಂದು ಕಪ್ಪು ಚಹಾ ಕೇಳಿದರು. ದೇವರು ಮೂರ್ಖರನ್ನು ಸುಮ್ಮನೆ ಸೃಷ್ಟಿಸಿಲ್ಲ, ಥ್ಯಾಂಕ್ ಗಾಡ್, ಎಂದುಕೊಂಡು ನಾನು ಒಳಗೆ ಹೋಗಿ ಪುಸ್ತಕ ತೆರೆದೆ.

ಆಮೇಲಿನ ಒಂದು ವರ್ಷ ಕಾಕಾ ಮಾಡಿದ ನಾಟಕಗಳನ್ನು ಏನೆಂದು ಹೇಳಲಿ! ಒಂದು ತಾರೀಖಿಗೆ ಹಲ್ಲುನೋವು. ಗಲ್ಲಕ್ಕೆ ಅಜ್ಜಿಯ ಸೀರೆಯ ತುಂಡು ಸುತ್ತಿಕೊಂಡು ಹೋಗಿ, ಸನ್ನೆಯಲ್ಲೇ ಮುಂದಿನ ತಾರೀಖಿನ ಮುದ್ದತು ಕೇಳಿದರು. ಇನ್ನೊಂದಕ್ಕೆ ಅವರ ಸಾಕ್ಷಿದಾರ ಪಂಢರಪುರದ ವಾರಿಯಾತ್ರೆಗೆ ಹೋಗಿದ್ದ, ಮತ್ತೊಂದಕ್ಕೂ ಅವನು ವಾರಿಯಿಂದ ಬಂದಿರಲಿಲ್ಲ. ಇನ್ನೇನು ತೀರ್ಪು ಎನ್ನುವ ದಿನ ಕೋರ್ಟಿನ ಬಾಗಿಲಲ್ಲೇ ಆ ಸಜ್ಜನ ವಕೀಲರನ್ನು ಕೆಲಸದಿಂದ ತೆಗೆದುಹಾಕಿ, ಹೊಸಬರನ್ನು ಹುಡುಕಲು ವೇಳೆ ಬೇಕೆಂದು ಕೈಮುಗಿದರು. ಸಂಜೆ ಹೋಗಿ ಅವರನ್ನೇ ಮತ್ತೆ ನೇಮಿಸಿಕೊಂಡು ಬಂದರು! ಅಕ್ಕಲಕೋಟದ ಬಸ್ಸು ಹತ್ತಿದರೆ ಸಾಕು, "ಹೊಳಿ ಬಂತು, ದಂಡಿ ಬಿಡ್ರಿ" ಎಂದು ಜನ ಸೀಟು ಸರಿಯುತ್ತಿದ್ದರು. ಅಪ್ಪ ಅವರೊಡನೆ ಮಾತು ಬಿಟ್ಟರು. ಮೈಂದರ್ಗಿಯ ವರ ಕಾದು ಕಾದು ಬೇಸತ್ತು ಬೇರೆ ಕಡೆ ಮದುವೆಯಾದ. ಕಾಕಾನಿಗೆ ಯಾವುದೂ ತಾಗಲಿಲ್ಲ. ಎಮ್ಮೆಯ ಚರ್ಮ, ಆಫ್ ಕೋರ್ಸ್.

ಕೊನೆಯ ಪೇಪರು ಬರೆದು ಬಂದ ಸಂಜೆ ಕಾಕಾ ಹೊಸ್ತಿಲಲ್ಲೇ ಕೂತಿದ್ದರು.

"ಮುಗೀತಿಲ್ಲೋ?"

"ಮುಗೀತು, ಕಾಕಾ."

"ಎಲ್ಲಾ ಪೇಪರೂ?"

"ಎಲ್ಲಾ."

ಮರುದಿನ ಬೆಳಿಗ್ಗೆ ಇಸ್ತ್ರಿಯ ಕೋಟು ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಕೋರ್ಟಿಗೆ ಹೋದರು. ಗೌಡರೂ ಬಂದಿದ್ದರು. ಈಗ ಅರ್ಧದ ಮಾತೂ ಇರಲಿಲ್ಲ, ಕಾಲಿನ ಮಾತೂ ಇರಲಿಲ್ಲ. ಆ ಮಣ್ಣು ಪೂರ್ತಿ ಗೌಡರದು. ಕಾಕಾ ಅಲ್ಲೇ ದಾವೆ ಹಿಂತೆಗೆದುಕೊಂಡು ಸಹಿ ಮಾಡಿದರು. ಗೌಡರಿಗೆ ತಡೆಯಲಾಗಲಿಲ್ಲ.

"ಹೋದ ವರ್ಷ ನಾನಽ ಅರ್ಧಾ ಕೊಡಾಕ ಬಂದಿದ್ನೆಲ್ರಿ. ಆಗ ಯಾಕ ಒಲ್ಲೆ ಅಂದ್ರಿ?"

"ಆಗ ಹುಡಿಗಿ ಪರೀಕ್ಷಾ ಆಗಿದ್ದಿಲ್ರಿ," ಎಂದರು ಕಾಕಾ, ಮಳೆಯ ಸುದ್ದಿ ಹೇಳಿದಷ್ಟು ಸಲೀಸಾಗಿ.

ಕಾಕಾನನ್ನು ನಾನು ಕೊನೆಯ ಸಲ ನೋಡಿದ್ದು ಅದೇ ಜೂನ್ ತಿಂಗಳಲ್ಲಿ, ಸೋಲಾಪುರದ ಸ್ಟೇಷನ್ನಿನಲ್ಲಿ. ಮೈಂದರ್ಗಿ ಕೈತಪ್ಪಿದ ಮೇಲೆ ಅಪ್ಪನೂ ಅಡ್ಡಿ ಮಾಡಿರಲಿಲ್ಲ, ಮಾಸ್ತರಿಕೆಯ ಬಿ.ಟಿ. ಓದಲು ಪುಣೆಗೆ ಹೊರಟಿದ್ದೆ. ದೀಪಾವಳಿಗೆ ನಾನು ಊರಿಗೆ ಬರುವ ಮೊದಲೇ ಅವರು ತೀರಿಕೊಂಡರು. ಅವತ್ತು ಟ್ರಂಕನ್ನು ಸೀಟಿನ ಕೆಳಗೆ ತಳ್ಳಿ, ನನ್ನನ್ನು ಕಿಟಕಿಗೆ ಕೂರಿಸಿ ಕೆಳಗಿಳಿದವರೇ, ಪಾಪ, ಸುಮ್ಮನೆ ನಿಂತಿದ್ದ ಟಿಕೆಟ್ ಕಲೆಕ್ಟರನನ್ನು ಹಿಡಿದುಕೊಂಡರು. "ಯಾವತ್ತೂ ತಡಾ ಮಾಡಾವ್ರು, ಇವತ್ತಽ ಯಾಕ್ರಿ ಇಷ್ಟು ಅವಸರಾ?" ಗಾಡಿ ವೇಳೆಗೆ ಸರಿಯಾಗಿ ಹೊರಡುತ್ತಿದೆ ಎಂಬುದೇ ತಕರಾರು! ಸೀಟಿ ಕೂಗಿತು, ಗಾಡಿ ಅಲುಗಿತು. ಕಾಕಾ ನನಗೆ ಬೆನ್ನು ಮಾಡಿ ವಾದಿಸುತ್ತಲೇ ಇದ್ದರು. "ಕಾಕಾ" ಎಂದು ಕೂಗಿದೆ. ತಿರುಗಲಿಲ್ಲ. ಟಿಕೆಟ್ ಕಲೆಕ್ಟರ್ ಏನೋ ಮರುಮಾತು ಆಡಲು ಬಾಯಿ ತೆರೆದವನು ಅವರ ಮುಖ ನೋಡಿ ಸುಮ್ಮನಾದ. ಆಮೇಲೆ ಅವರ ಹೆಗಲ ಮೇಲಿಂದ ನನ್ನತ್ತ ನೋಡಿ, ತಾನೇ ಕೈಯೆತ್ತಿ ಬೀಸಿದ.