ಮೂರನೇ ಗೀಟು

ನಮ್ಮ ದೊಡ್ಡಪ್ಪನನ್ನು ನಂಬಿಸುವುದಕ್ಕಿಂತ ದೇವರನ್ನು ಒಲಿಸುವುದು ಸುಲಭ! ದೇವರಿಗೆ ಒಂದು ತೆಂಗಿನಕಾಯಿ ಸಾಕು. ದೊಡ್ಡಪ್ಪನಿಗೆ ಯಾವುದೇ ಆದರೂ ಮೂರು ಸಲ ಸಾಬೀತಾಗಬೇಕು.

ರೇಷ್ಮೆಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಕುದೂರಿನ ಸುತ್ತ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗಿದ್ದವು. ಹಾಗಿರುವಾಗ ಪಕ್ಕದ ಹೊಲದವನು ಹೊಡೆದ ಔಷಧಿ ಗಾಳಿಗೆ ತೇಲಿ ಬಂದು ಸೊಪ್ಪಿನ ಮೇಲೆ ಕೂತು, ಅದನ್ನು ತಿಂದ ದೊಡ್ಡಪ್ಪನ ಒಂದಿಡೀ ಬೆಳೆಯ ರೇಷ್ಮೆಹುಳು ಸತ್ತುಹೋಯಿತು. ಅಂದಿನಿಂದ ಅಂಗಡಿಯಿಂದ ಏನೇ ಬಂದರೂ ಮೊದಲು ಬೇರೆ ಮೊರದಲ್ಲಿಟ್ಟ ನಾಲ್ಕು ಹುಳುಗಳ ಮುಂದೆ ಪರೀಕ್ಷೆಗೆ ಹಾಜರಾಗಬೇಕಿತ್ತು.

“ಒಂದ್ ಸಲ ಸತ್ರೆ ಆಕಸ್ಮಿಕ, ಎರಡ್ ಸಲ ಸತ್ರೆ ಹಣೆಬರಹ, ಮೂರ್ ಸಲ ಸತ್ರೆ ವಿಷ ಕಣ್ಲಾ!”

ಹುಳು ಸತ್ತಾಗಲೆಲ್ಲ, ಅವನ್ನು ಸಾಕುವ ಹುಳುಮನೆಯ ಗೋಡೆಗೆ ಇದ್ದಲಿನಲ್ಲಿ ಒಂದು ಗೀಟು. ಸೊಳ್ಳೆಬತ್ತಿಗೆ ಮೂರು ಗೀಟು ಬಿದ್ದು ಅದು ಮನೆಯಿಂದ ಗಡೀಪಾರಾಯಿತು, ಸೊಳ್ಳೆಗಳಿಗೆ ಹಬ್ಬ! ಹಲ್ಲುಪುಡಿಗೆ ಎರಡೇ ಗೀಟು. ಅಂದರೆ ಹಣೆಬರಹ. ನಾವು ಹಣೆಬರಹವನ್ನೇ ಹಲ್ಲಿಗೆ ಹಚ್ಚಿ ಉಜ್ಜಿದೆವು.

ಅಕ್ಕನನ್ನು ನೋಡಲು ಚನ್ನಪಟ್ಟಣದಿಂದ ಗಂಡು ಬಂದಾಗ ದೊಡ್ಡಪ್ಪ ಬಾಗಿಲಲ್ಲೇ ತಡೆದ. “ಒಳಗೆ ಹುಳ ಐತೆ ಸ್ವಾಮಿ. ಪೌಡ್ರು, ಸೆಂಟು ಎಲ್ಲಾ ತೊಳ್ಕಂಡು ಬನ್ನಿ.” ಗಂಡು ಬಾವಿಕಟ್ಟೆಗೆ ಹೋಗಿ ಮುಖ ತೊಳೆದು ಬಂದ. ಕಿಟಕಿಯಲ್ಲಿ ಇಣುಕುತ್ತಿದ್ದ ಅಕ್ಕ ಗಾಬರಿಯಾಗಿ, “ಆಗ್ಲೇ ಬಂದಿದ್ದೋನು ಎಲ್ಲೋದ?” ಅಂದಳು!

ಇಷ್ಟೆಲ್ಲ ಮಾಡುವ ಮನುಷ್ಯ ತೋಟದ ಬದುವಿನಲ್ಲಿ ಕೂತು ಬೀಡಿ ಸೇದುತ್ತಿದ್ದ. ಹೊಗೆಸೊಪ್ಪು ಹುಳುವಿಗೆ ವಿಷ ಎಂದು ಅವನೇ ಮೂರು ಗೀಟು ಹಾಕಿದ್ದ.

“ಮತ್ತೆ ನೀನ್ಯಾಕೆ ಸೇದ್ತೀಯ ದೊಡ್ಡಪ್ಪ?”

“ನಾನೇನ್ ಹುಳಾನೇನ್ಲಾ?”

ನನ್ನ ತಲೆ ಕೆಟ್ಟದ್ದು ಇಲ್ಲಿಂದಲೇ. ಮನುಷ್ಯ ಹುಳುವಲ್ಲ ಎಂದಮೇಲೆ ಈ ಗೀಟುಗಳು ಯಾರಿಗೆ? ನಿಮಗೇನಾದರೂ ಅರ್ಥವಾಯಿತೆ?

ದೊಡ್ಡಪ್ಪನಿಗೂ ಅರ್ಥವಾಗದ ದಿನ ಬಂತು. ಹೊಸ ಬೆಳೆಗೆ ಮುಂಚೆ ಖಾಲಿ ಹುಳುಮನೆಗೆ ರೋಗಾಣು ಕೊಲ್ಲುವ ಫಾರ್ಮಲಿನ್ ಔಷಧಿ ಹೊಡೆದು, ಬಾಗಿಲು ಮುಚ್ಚಿ, ಮಾರನೆಯ ದಿನ ತೆರೆಯುವುದು ಪದ್ಧತಿ. ತೆರೆದು, ಗುಡಿಸಿ, ಸಾರಿಸುವವಳು ದೊಡ್ಡವ್ವ. ಆ ಸಲ ಅವಳಿಗೆ ಹತ್ತಿದ ಕೆಮ್ಮು ಒಂದು ವಾರ ಬಿಡಲಿಲ್ಲ. ಮುಂದಿನ ಬೆಳೆಗೂ ಅದೇ ಕೆಮ್ಮು, ಇನ್ನೂ ಜೋರಾಗಿ. ದೊಡ್ಡಪ್ಪ ಗೋಡೆಯ ಒಂದು ಮೂಲೆಯಲ್ಲಿ ಎರಡು ಗೀಟು ಎಳೆದು ನನ್ನ ಕಡೆ ತಿರುಗಿದ.

“ರೇಷ್ಮೆ ಇಲಾಖೆ ಸಾಹೇಬ್ರು ಬಟ್ಟೆ ಕಟ್ಕಂಡ್ರೆ ಏನೂ ಆಗಲ್ಲ ಅಂತಾರೆ. ಡಾಕ್ಟ್ರು ಧೂಳಿಗೆ ಅಂತಾರೆ. ಹುಳ ನೋಡುದ್ರೆ ರೋಗ ಇಲ್ದೆ ದುಂಡಗವೆ. ಇವ್ಳು ನೋಡುದ್ರೆ ಕೆಮ್ತಾಳೆ. ಯಾರ್ ಮಾತು ನಂಬ್ಲಿ?”

ಅವನು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಮೂರನೇ ಬೆಳೆಗೆ ಔಷಧಿ ಹೊಡೆದ ಮಾರನೆಯ ದಿನ, ಗೀಟು ಬೀಳುವುದನ್ನು ನೋಡೋಣವೆಂದು ಹೋದೆ. ದೊಡ್ಡವ್ವ ತನ್ನನ್ನು ಒಳಗೆ ಬಿಡಲಿಲ್ಲವೆಂದು ದೂರದ ಹುಣಸೆಮರದ ಕೆಳಗೆ ಮುನಿಸಿಕೊಂಡು ಕೂತಿದ್ದಳು. ಹುಳುಮನೆಯ ಕಿಟಕಿ ಬಾಗಿಲುಗಳೆಲ್ಲ ತೆರೆದಿದ್ದವು. ಒಳಗೆ ಮೂಗಿಗೆ ಟವೆಲ್ ಸುತ್ತಿಕೊಂಡು, ಪಂಚೆ ಎತ್ತಿ ಕಟ್ಟಿ, ದೊಡ್ಡಪ್ಪ ನೆಲ ಸಾರಿಸುತ್ತಿದ್ದ. ಕೈಯಲ್ಲಿ ಸಗಣಿ, ಕಣ್ಣು ಕೆಂಡ! ಊರಿನ ಯಾವ ಗಂಡಸೂ ಮಾಡದ ಕೆಲಸ ಅದು.

ನನಗೆ ಕೆಣಕದೆ ಇರಲಾಗಲಿಲ್ಲ. “ಏನ್ ದೊಡ್ಡಪ್ಪ, ಎರಡೇ ಗೀಟಲ್ವಾ ಆಗಿರೋದು? ಎರಡ್ ಸಲ ಅಂದ್ರೆ ಹಣೆಬರಹ!”

ಅವನು ಸಾರಿಸುವುದನ್ನು ನಿಲ್ಲಿಸಿದ. “ಹುಳ ಆಗಿದ್ರೆ ಇನ್ನೊಂದ್ ಸಲ ನೋಡ್ಬೋದಿತ್ತು ಕಣ್ಲಾ. ಇನ್ನೊಂದ್ ಸಲ ಕೆಮ್ಮಿ ತೋರ್ಸು ಅಂತ ಅವ್ಳಿಗೆ ಯಾವ ಬಾಯಲ್ಲಿ ಹೇಳ್ಲಿ?”

ಅಷ್ಟರಲ್ಲಿ ಅವನೇ ಒಮ್ಮೆ ಕೆಮ್ಮಿದ. ಹುಣಸೆಮರದ ಕೆಳಗಿದ್ದ ದೊಡ್ಡವ್ವ ಮುನಿಸು ಮರೆತು ಓಡಿ ಬಂದು ಬಾಗಿಲಲ್ಲಿ ನಿಂತಳು.

“ನಂಗೆ ಒಂದೇ ಸಲ ಸಾಕು. ಈಚೆಗೆ ಬನ್ನಿ ಮೊದ್ಲು!”