ಅಳಿಯಂದಿರ ಶೆಡ್ಡಿನ ಹೊಗೆ

ನಮ್ಮ ಅಳಿಯಂದಿರು ಕದ್ದು ಸಿಗರೇಟು ಸೇದುತ್ತಿದ್ದಾರೆ ಎಂಬುದನ್ನು ಈ ಮನೆಯಲ್ಲಿ ಮೊಟ್ಟಮೊದಲು ಕಂಡುಹಿಡಿದವಳು ನಾನು. ಕಣ್ಣಿನಿಂದಲ್ಲ, ಮೂಗಿನಿಂದ.

ಕಣ್ಣಿಗೆ ಪೊರೆ ಬಂದಿದೆ. ಕಿವಿ ತನಗೆ ಬೇಕಾದ್ದನ್ನಷ್ಟೇ ಕೇಳಿಸಿಕೊಳ್ಳುತ್ತದೆ. ಮೂಗೊಂದು ಮಾತ್ರ ಮದುವೆಯ ದಿನ ಹೇಗಿತ್ತೋ ಹಾಗೇ ಇದೆ. ನಮ್ಮ ಯಜಮಾನರು ಇದ್ದಾಗ, ಹೋಟೆಲಿನಲ್ಲಿ ಏನು ತಿಂದು ಬಂದಿದ್ದಾರೆಂದು ಬಾಗಿಲಲ್ಲೇ ನಿಲ್ಲಿಸಿ ಹೇಳಿಬಿಡುತ್ತಿದ್ದೆ. (ಕೊನೆಕೊನೆಗೆ ಅವರು ಹೋಟೆಲಿಗೆ ಹೋಗುವುದನ್ನೇ ಬಿಟ್ಟರು. ನನ್ನ ಕೈಯಡಿಗೆ ಹಿಡಿಸಿತೆಂದು ನಾನು ಹಿಗ್ಗಿದ್ದೆ.)

ಅಳಿಯಂದಿರು ಮರಗೆಲಸದವರು. ಮೇಜು, ಕುರ್ಚಿ, ಕಪಾಟು ಮಾಡುತ್ತಾರೆ. ಹಿತ್ತಲಿನ ತಗಡಿನ ಶೆಡ್ಡೇ ಅವರ ಕಾರ್ಖಾನೆ, ಅವರ ಅರಮನೆ. ಅಲ್ಲಿದ್ದಷ್ಟು ಹೊತ್ತು ಹಾಡು ಗುನುಗುತ್ತಾರೆ, ಮನೆಯೊಳಗೆ ಕಾಲಿಟ್ಟರೆ ಹಾಡು ನಿಲ್ಲುತ್ತದೆ. ಮಗಳು ಆಸ್ಪತ್ರೆಯಲ್ಲಿ ನರ್ಸು. ಗಂಡನ ಎದೆಯ ಎಕ್ಸರೇ ನೋಡಿಕೊಂಡು ಬಂದ ದಿನ ಅವಳು ಚಪ್ಪಲಿಯನ್ನೂ ಬಿಡದೆ ತೀರ್ಪು ಓದಿದಳು.

"ರೀ, ಕೇಳಿಸ್ಕೊಳ್ಳಿ. ಇನ್ನೊಂದು ಸಿಗರೇಟು ಸೇದಿದ್ದು ಗೊತ್ತಾಯ್ತೋ, ಆವತ್ತೇ ಶೆಡ್ಡಿಗೆ ಬೀಗ. ಮರದ ಧೂಳಿನ ಮೇಲೆ ಆ ಹೊಗೇನೂ ಸೇರಿದ್ರೆ ನೀವು ನನಗೆ ದಕ್ಕಲ್ಲ. ನಿಮ್ಮಣ್ಣನ ಕಬ್ಬಿಣದ ಅಂಗಡೀಲಿ ಕೂತ್ಕೊಂಡು ಮೊಳೆ ತೂಗಿ."

"ಮೊಳೆ ತೂಗೋದಕ್ಕಿಂತ ಅದನ್ನ ಮೈಗೇ ಹೊಡೆಸ್ಕೊಳ್ಳೋದು ವಾಸಿ," ಎಂದರು ಅಳಿಯಂದಿರು. ಆದರೆ ಬಿಟ್ಟರು. ಬಿಟ್ಟರೆಂದು ಮಗಳು ನಂಬಿದಳು.

ನಾನು ನಂಬಲಿಲ್ಲ. ನಂಬುವುದು ಸುಲಭ, ಯಾರು ಬೇಕಾದರೂ ನಂಬುತ್ತಾರೆ. ಅನುಮಾನ ಪಡುವುದಕ್ಕೆ ತಾಳ್ಮೆ ಬೇಕು. ನಾನು ತಾಳ್ಮೆಯಿಂದ ನೋಡುತ್ತಾ ಬಂದೆ. ಮೊದಲನೆಯದಾಗಿ, ಅಳಿಯಂದಿರು ಲವಂಗ ಜಗಿಯಲು ಶುರು ಮಾಡಿದ್ದರು. ಅವರನ್ನು ಕೇಳಿದರೆ "ಹಲ್ಲುನೋವು ಅತ್ತೆ" ಎನ್ನುತ್ತಿದ್ದರು. (ಯಾವ ಹಲ್ಲು ಎಂದಾಗ ಒಂದು ದಿನ ಎಡಗಡೆ ತೋರಿಸಿದರು, ಇನ್ನೊಂದು ದಿನ ಬಲಗಡೆ.) ಆಮೇಲೆ ಶೆಡ್ಡಿನ ಬಾಗಿಲು. ಹಿಂದೆಲ್ಲ ಹಾರುಹೊಡೆದಿರುತ್ತಿದ್ದ ಬಾಗಿಲನ್ನು ಈಗ ಒಳಗಿನಿಂದ ಎಳೆದುಕೊಳ್ಳುತ್ತಿದ್ದರು.

"ಬಾಗಿಲು ಯಾಕೆ ಹಾಕ್ಕೊಳ್ತೀರಿ?"

"ದೊಡ್ಡ ಮೇಜಿಗೆ ಎಣ್ಣೆ ಹಚ್ಚಬೇಕು ಅತ್ತೆ. ಹಸಿ ಎಣ್ಣೆ ಮೇಲೆ ಧೂಳು ಕೂತ್ರೆ ಮಾಡಿದ ಕೆಲಸ ಎಲ್ಲ ದಂಡ."

ಎಷ್ಟು ನುಣುಪಾದ ಉತ್ತರ! ಮೇಜಿಗಿಂತ ನುಣುಪು.

ಆ ಮೇಜು ಯಾರದೋ ಹೊಸ ಮನೆಗೆಂದು ಮಾಡುತ್ತಿದ್ದದ್ದು. ಅದಕ್ಕೆ ಅಗಸೆ ಎಣ್ಣೆಯನ್ನು ಬಟ್ಟೆಚೂರಿನಲ್ಲಿ ಅದ್ದಿ, ತಿಕ್ಕಿ ತಿಕ್ಕಿ ಕುಡಿಸಿದರು. ಕುಡಿಸಿ ಆದಮೇಲೆ ಆ ಎಣ್ಣೆಬಟ್ಟೆಗಳನ್ನು ಏನು ಮಾಡಿದರೆಂದು ಕೇಳಿ. ಹಿತ್ತಲಿನ ತುಂಬ ಹರವಿದರು! ಬೇಲಿಯ ಮೇಲೊಂದು, ಒಗೆಯುವ ಕಲ್ಲಿನ ಮೇಲೊಂದು, ಕೊಳಾಯಿಯ ಕತ್ತಿಗೊಂದು. ನೋಡಿದವರು ಈ ಮನೆಯಲ್ಲಿ ಹೆಂಗಸರೇ ಇಲ್ಲವೆಂದುಕೊಳ್ಳಬೇಕು.

ನನಗೆ ಓದುಬರಹ ಅಷ್ಟಕ್ಕಷ್ಟೆ, ಬಟ್ಟೆ ಮಡಚುವುದರಲ್ಲಿ ಮಾತ್ರ ಯಾರೂ ನನ್ನ ಮುಂದೆ ನಿಲ್ಲಲಾರರು. ಅಂಚಿಗೆ ಅಂಚು ಕೂಡಿಸಿ, ಮೂಲೆಗೆ ಮೂಲೆ ಸೇರಿಸಿ, ಒಂದೊಂದನ್ನೂ ನಾಲ್ಕು ಮಡಿಕೆ ಮಾಡಿ, ಶೆಡ್ಡಿನ ಬೆಂಚಿನ ಕೆಳಗಿದ್ದ ಮರದ ಪೆಟ್ಟಿಗೆಯಲ್ಲಿ ಒತ್ತಿ ಒತ್ತಿ ಪೇರಿಸಿ, ಮೇಲೊಂದು ಗೋಣಿತಟ್ಟು ಹೊದಿಸಿದೆ. ಕಣ್ಣಿಗೆ ಹಬ್ಬವಾಯಿತು.

ಊಟಕ್ಕೆ ಬಂದ ಅಳಿಯಂದಿರು ಬೇಲಿಯ ಕಡೆ ನೋಡಿದರು.

"ಅತ್ತೆ, ಎಣ್ಣೆಬಟ್ಟೆ ಎಲ್ಲಿ?"

"ಎಲ್ಲಿರಬೇಕೋ ಅಲ್ಲಿಟ್ಟಿದೀನಿ."

"ಓ, ನೀರಿನ ಡ್ರಮ್ಮಿಗೆ ಹಾಕಿದ್ರಾ? ಒಳ್ಳೇದಾಯ್ತು ಬಿಡಿ."

ಒಳ್ಳೆ ಬಟ್ಟೆಯನ್ನು ಮಡಚುವುದು ಬಿಟ್ಟು ನೀರಿನಲ್ಲಿ ಮುಳುಗಿಸುವವರು ಯಾರಾದರೂ ಇದ್ದಾರೆಯೇ? ಗಂಡಸರ ಜೊತೆ ಇಂಥ ವಿಷಯ ಚರ್ಚಿಸಬಾರದೆಂದು ನಾನು ಬಡಿಸುವ ಕೆಲಸ ಮುಂದುವರಿಸಿದೆ.

ಊಟವಾದ ಮೇಲೆ ಅಳಿಯಂದಿರು ಮತ್ತೆ ಶೆಡ್ಡಿಗೆ ಹೋದರು. ನಾನು ಹಿತ್ತಲ ಬಾಗಿಲಲ್ಲಿ ಕಾವಲು ಕುಳಿತೆ. ನಡುವೆ ಕಣ್ಣು ಮುಚ್ಚಿತು. (ನಿದ್ದೆಯಲ್ಲ, ಯೋಚನೆ.) ಕಣ್ಣು ತೆರೆಯುವ ಮೊದಲೇ ಮೂಗು ಎದ್ದು ಕುಳಿತಿತ್ತು. ಹೊಗೆ! ಕಮಟು ಕಮಟಾದ, ಕಳ್ಳ ಹೊಗೆ. ಶೆಡ್ಡಿನ ಕಿಟಕಿಯ ಸಂದಿಯಿಂದ ನೂಲಿನಂತೆ ಹೊರಡುತ್ತಿತ್ತು. ಬಾಗಿಲು ಮುಚ್ಚಿತ್ತು.

ಅಷ್ಟರಲ್ಲಿ ದೇವರೇ ಕಳಿಸಿಕೊಟ್ಟಂತೆ ಮಗಳು ಡ್ಯೂಟಿ ಮುಗಿಸಿ ಬಂದಳು.

"ಬಾ ಇಲ್ಲಿ," ಎಂದು ಕೈ ಹಿಡಿದು ಎಳೆದೆ. "ಮೂಸಿ ನೋಡು. ನಾನು ಹೇಳಿದ್ರೆ ಮುದುಕಿಗೆ ಅನುಮಾನದ ಕಾಯಿಲೆ ಅಂತೀಯಲ್ಲ?"

ಅವಳು ಮೂಸಿದಳು. ನಾನು ನಿರೀಕ್ಷಿಸಿದ್ದು ಸಿಟ್ಟು. ಬಂದದ್ದು ಕಣ್ಣೀರು.

"ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದ್ರು ಅಮ್ಮಾ," ಎಂದಳು. ಆಮೇಲೆ ಕೈಚೀಲವನ್ನು ಅಲ್ಲೇ ಬಿಸಾಡಿ, ಹೋಗಿ ಬಾಗಿಲು ಗುದ್ದಿದಳು. "ರೀ! ಬನ್ನಿ ಆಚೆ! ಸೇದಿದ್ದು ಸಾಕು!"

"ಎಲ್ಲಿಂದ ಬರ್ಲಿ?" ಎಂಬ ಧ್ವನಿ ನಮ್ಮ ಬೆನ್ನ ಹಿಂದೆ ಕೇಳಿಸಿತು.

ಅಳಿಯಂದಿರು ಬೀದಿಯ ಕಡೆಯಿಂದ ಬಂದು ನಿಂತಿದ್ದರು. ಕೈಯಲ್ಲಿ ಮರ ಉಜ್ಜುವ ಮರಳುಕಾಗದದ ಸುರುಳಿ. ನಾನು ಯೋಚನೆಯಲ್ಲಿದ್ದಾಗ ಅಂಗಡಿಗೆ ಹೋಗಿದ್ದರಂತೆ.

ಹಾಗಾದರೆ ಒಳಗೆ ಸೇದುತ್ತಿರುವವರು ಯಾರು?

ಅವರು ಕಿಟಕಿ ನೋಡಿದರು, ಸುರುಳಿ ಬಿಸಾಡಿದರು, ಬಾಗಿಲು ಒದ್ದರು. ಬೆಂಚಿನ ಕೆಳಗಿನ ಪೆಟ್ಟಿಗೆಯನ್ನು ದರದರ ಎಳೆದುಕೊಂಡು ಬಯಲಿಗೆ ತಂದು ಬೋರಲು ಹಾಕಿದರು. ಗಾಳಿ ತಾಗಿದ್ದೇ ತಡ, ರಾಶಿ ಭಗ್ಗೆಂದು ಹತ್ತಿಕೊಂಡಿತು! ಮಗಳು ಡ್ರಮ್ಮಿನಿಂದ ಬಕೆಟ್ಟು ಬಕೆಟ್ಟು ನೀರು ಮೊಗೆದು ಸುರಿದಳು. ನಾನು ಒಂದು ಚೊಂಬು ಸುರಿದೆ, ಅದು ಅಳಿಯಂದಿರ ಮೇಲೆ ಬಿತ್ತು. ಮೇಜಿಗೆ ಏನೂ ಆಗಿರಲಿಲ್ಲ.

"ಕಡ್ಡಿ ಗೀರಿದೋರು ಯಾರು?" ಎಂದೆ. ಅನುಮಾನವನ್ನು ಅಷ್ಟು ಬೇಗ ಕೈಬಿಡುವವಳಲ್ಲ ನಾನು.

"ಯಾರೂ ಇಲ್ಲ ಅತ್ತೆ. ಅಗಸೆ ಎಣ್ಣೆ ನೀರಿನ ಹಾಗೆ ಆರಿಹೋಗಲ್ಲ. ಗಾಳೀನ ಹೀರ್ಕೊಂಡು ಗಟ್ಟಿಯಾಗುತ್ತೆ. ಆಗ ಒಳಗಿಂದ ಶಾಖ ಬಿಡುತ್ತೆ. ಬಟ್ಟೆ ಹರವಿದ್ರೆ ಆ ಶಾಖ ಗಾಳಿಗೆ ಹೋಗುತ್ತೆ, ಕೈಗೂ ಗೊತ್ತಾಗಲ್ಲ. ಒತ್ತಿ ಪೇರಿಸಿ ಹೊದಿಸಿಟ್ರೆ ಹೋಗೋಕೆ ದಾರಿ ಇಲ್ಲ. ಶಾಖಕ್ಕೆ ಎಣ್ಣೆ ಇನ್ನೂ ಬೇಗ ಗಟ್ಟಿಯಾಗುತ್ತೆ, ಅದರಿಂದ ಇನ್ನಷ್ಟು ಶಾಖ. ಕೊನೆಗೆ ತಾನಾಗೇ ಹತ್ಕೊಳ್ಳುತ್ತೆ."

ನಾನು ಖಾಲಿ ಚೊಂಬನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

"ಹಾಗಾದ್ರೆ ಒತ್ತಿ ಪೇರಿಸಿ ಹೊದಿಸಿಟ್ಟ ಮಹಾನುಭಾವರು ಯಾರು?" ಎಂದಳು ಮಗಳು.

ಅಳಿಯಂದಿರು ನನ್ನನ್ನು ನೋಡಿದರು. ತಲೆಯಿಂದ ನನ್ನ ಚೊಂಬಿನ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ನೆಲ ನೋಡುತ್ತಾ, "ನಾನೇ. ಏನೋ ಮರೆವು," ಎಂದರು.

"ಮರೆವಾ? ಸಿಗರೇಟಾಗಿದ್ರೆ ನಿಮ್ಮೊಬ್ಬರ ಎದೆ ಸುಡ್ತಿತ್ತು. ಇದು ಮನೇನೇ ಸುಡ್ತಿತ್ತು! ಅಮ್ಮ ಇಲ್ಲೇ ಬಾಗಿಲಲ್ಲಿ ಕೂತಿದ್ಲು. ಸಾಕು ಈ ಶೆಡ್ಡಿನ ಸಹವಾಸ." ಅವಳು ಫೋನು ತೆಗೆದು ಕಿವಿಗಿಟ್ಟಳು. "ಭಾವ, ನಾನು. ಅಂಗಡೀಲಿ ಇವರಿಗೊಂದು ಜಾಗ ಇದೆ ಅಂದಿದ್ರಲ್ಲ..."

ಅಳಿಯಂದಿರು ಶೆಡ್ಡಿನ ಒಳಗೆ ಹೋಗಿ ಮೇಜಿನ ಮೇಲೆ ಅಂಗೈ ಆಡಿಸಿದರು, ಎತ್ತಿನ ಬೆನ್ನು ಸವರಿದ ಹಾಗೆ.

ನಾನು ನೆಲ ನೋಡಿದೆ. ಕಪ್ಪಾದ ರಾಶಿಯಲ್ಲಿ ಅರ್ಧ ಬೆಂದ ಬಟ್ಟೆಗಳು ಇನ್ನೂ ಚೊಕ್ಕವಾಗಿ ನಾಲ್ಕು ಮಡಿಕೆಯಾಗಿಯೇ ಇದ್ದವು. ಅಂಚಿಗೆ ಅಂಚು, ಮೂಲೆಗೆ ಮೂಲೆ. ಬೆಂಕಿಗೂ ನನ್ನ ಮಡಿಕೆ ಬಿಚ್ಚಲು ಆಗಿರಲಿಲ್ಲ. ಆ ಹೊತ್ತಿನಲ್ಲೂ ಕೊಂಚ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಮಗಳು ಅದನ್ನು ಇನ್ನೂ ಗಮನಿಸಿರಲಿಲ್ಲ. ಕಾಲಿನಿಂದ ಸ್ವಲ್ಪ ಕೆದಕಿದರೆ ಸಾಕಿತ್ತು. ಕಾಲು ಮುಂದಿಟ್ಟೂ ಇಟ್ಟೆ.

ಶೆಡ್ಡಿನೊಳಗೆ ಹಾಡಿರಲಿಲ್ಲ.

"ಫೋನ್ ಇಡೇ," ಎಂದೆ. "ನಿನ್ನ ಗಂಡ ಈ ಜನ್ಮದಲ್ಲಿ ಒಂದು ಬಟ್ಟೆ ಮಡಚಿದ್ದನ್ನ ನೋಡಿದೀಯಾ? ಇದನ್ನ ಪೇರಿಸಿಟ್ಟೋಳು ನಾನು."

ಮಗಳು ಬಗ್ಗಿ ನೋಡಿದಳು. ಒಂದು ಚೌಕವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಭಾವ, ಆಮೇಲೆ ಮಾಡ್ತೀನಿ," ಎಂದು ಫೋನಿಟ್ಟಳು. ಶೆಡ್ಡಿನ ಬಾಗಿಲಿಗೆ ಹೋಗಿ, "ಕ್ಷಮಿಸಿ ರೀ, ಬೀಗ ಗೀಗ ಏನಿಲ್ಲ," ಎಂದು ಸೆರಗಿನಿಂದ ಗಂಡನ ತಲೆ ಒರೆಸತೊಡಗಿದಳು. ನಾನೊಬ್ಬಳು ಅಲ್ಲಿ ನಿಂತಿದ್ದೇನೆಂಬುದು ಇಬ್ಬರಿಗೂ ನೆನಪಿದ್ದಂತಿರಲಿಲ್ಲ.

ನೆನಪಿಸಬೇಕೆನಿಸಿತು. ಅಲ್ಲದೆ ಒಂದು ವಿಷಯ ನನ್ನನ್ನು ಕೊರೆಯುತ್ತಿತ್ತು.

"ಎಲ್ಲ ಸರಿ," ಎಂದೆ. "ಆದ್ರೆ ಒಂದು ಅನುಮಾನ. ಏನೂ ತಪ್ಪು ಮಾಡದೋರು 'ನಾನೇ ಮಾಡಿದ್ದು' ಅಂತ ಅಷ್ಟು ಸಲೀಸಾಗಿ ಹೇಗೆ ಒಪ್ಪಿಕೊಂಡ್ರು? ಒಂಚೂರೂ ತಡವರಿಸಲಿಲ್ಲ. ಅದೇನೋ ಪಳಗಿದ ಬಾಯಿ."

ಮಗಳು ಒರೆಸುವುದನ್ನು ನಿಲ್ಲಿಸದೆಯೇ ಹೇಳಿದಳು:

"ನಿನ್ನ ಜೊತೆ ಒಂದೇ ಮನೇಲಿ ಇದ್ದಾರಲ್ಲಮ್ಮಾ. ಮಾಡದೆ ಇರೋ ತಪ್ಪು ಒಪ್ಪಿಕೊಳ್ಳೋದು ಅವರಿಗೆ ದಿನಾ ರೂಢಿ."